ಸಮಾಧಾನದ ನೆರಳಲ್ಲಿ ಬೆಳೆಯುವ ಭಯ

ಬೆಂಕಿ ಅವಘಡದಲ್ಲಿ ಸುಟ್ಟುಕೊಂಡು ಆಸ್ಪತ್ರೆ ಸೇರಿದವರ ಮೈಗಾಯಕ್ಕೆ ಔಷಧಿ ಹಚ್ಚುವಾಗಲೇ ಮನಸ್ಸಿನ ಗಾಯವನ್ನೂ ನೋಡಿಬಿಟ್ಟರೆ ಒಳ್ಳೆಯದಲ್ಲವೇ? ಬ್ರಿಟನ್ನಿನ ಮನೋವೈದ್ಯ ಜೊನಾಥನ್ ಬಿಸನ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೆ ಒಡ್ಡಿದರು. ಸುಟ್ಟಗಾಯದ ರೋಗಿಗಳಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, ಅವಘಡವಾದ ಮೂರು ವಾರದೊಳಗೆ ಒಮ್ಮೆ ಕೂರಿಸಿಕೊಂಡು, ಏನಾಯಿತು, ಏನು ಕಂಡಿರಿ, ಆಗ ಏನನ್ನಿಸಿತು ಎಂದು ಎಲ್ಲವನ್ನೂ ಬಾಯಿಬಿಡಿಸಿದರು. ಉಳಿದವರನ್ನು ಅವರ ಪಾಡಿಗೆ ಬಿಟ್ಟರು. 1997ರಲ್ಲಿ ಪ್ರಕಟವಾದ ಫಲಿತಾಂಶ ಯಾರೂ ಬಯಸಿದಂಥದ್ದಲ್ಲ. ಹದಿಮೂರು ತಿಂಗಳ ನಂತರ, ಮಾತಾಡಿಸಿದ ಗುಂಪಿನಲ್ಲಿ ಶೇ. 26ರಷ್ಟು ಜನ ಪಿಟಿಎಸ್‌ಡಿಯಿಂದ, ಅಂದರೆ ಆಘಾತದ ನಂತರ ಬಿಡದೆ ಕಾಡುವ ಮನೋವ್ಯಾಧಿಯಿಂದ ಬಳಲುತ್ತಿದ್ದರು. ಸುಮ್ಮನೆ ಬಿಟ್ಟವರಲ್ಲಿ ಅದು ಶೇ. 9 ಮಾತ್ರ. ಮಾತಾಡಿಸಿದವರ ಗಾಯ ಮೊದಲೇ ತುಸು ಹೆಚ್ಚಿತ್ತು ಎಂಬ ತಕರಾರು ಉಂಟು, ನ್ಯಾಯವಾದ ತಕರಾರೇ. ಆದರೂ ಮಾತಾಡಿಸಿದ್ದರಿಂದ ಲಾಭವಾಯಿತು ಎನ್ನಲು ಅಲ್ಲಿ ಏನೂ ಉಳಿಯುವುದಿಲ್ಲ. 2000ದಲ್ಲಿ ರಸ್ತೆ ಅಪಘಾತದ ಗಾಯಾಳುಗಳ ಮೇಲೆ ನಡೆದ ಇನ್ನೊಂದು ಅಧ್ಯಯನ ಮೂರು ವರ್ಷ ಬಿಟ್ಟು ನೋಡಿತು. ಮೊದಲಿಗೆ ತೀರಾ ಕಂಗೆಟ್ಟಿದ್ದು ಈ ಮಾತುಕತೆಗೆ ಒಳಗಾದವರು ಇನ್ನೂ ಕಂಗೆಟ್ಟೇ ಇದ್ದರು. ಅಷ್ಟೇ ಕಂಗೆಟ್ಟಿದ್ದು ಮಾತುಕತೆ ಸಿಗದವರು ಚೇತರಿಸಿಕೊಂಡಿದ್ದರು.

ಈ ವಿಧಾನಕ್ಕೆ ಡಿಬ್ರೀಫಿಂಗ್ ಎಂದು ಹೆಸರು. ಅಮೆರಿಕದ ಜೆಫ್ರಿ ಮಿಚೆಲ್ 1983ರಲ್ಲಿ ಇದನ್ನು ರೂಪಿಸಿದ್ದು ಅಗ್ನಿಶಾಮಕ ದಳ, ಆಂಬುಲೆನ್ಸ್ ಸಿಬ್ಬಂದಿಯಂಥವರಿಗಾಗಿ. ಬರುಬರುತ್ತಾ ಇದು ಬ್ಯಾಂಕ್ ದರೋಡೆಯಲ್ಲಿ ಸಿಕ್ಕಿಬಿದ್ದವರಿಂದ ಹಿಡಿದು ಪ್ರವಾಹ ಸಂತ್ರಸ್ತರವರೆಗೆ ಎಲ್ಲರಿಗೂ ಹಂಚುವ ಪ್ರಸಾದದಂತಾಯಿತು. 2004ರ ಸುನಾಮಿಯ ನಂತರ ಶ್ರೀಲಂಕಾದ ತೀರಕ್ಕೆ ಹೊರದೇಶಗಳಿಂದ ಆಪ್ತಸಮಾಲೋಚಕರ ದಂಡೇ ಬಂದಿಳಿಯಿತು. ಅವರಲ್ಲಿ ಎಷ್ಟೋ ಜನಕ್ಕೆ ಸಿಂಹಳವೂ ಬಾರದು, ತಮಿಳೂ ಬಾರದು. ಆಘಾತವಾದ ಎಲ್ಲರಿಗೂ ಕಡ್ಡಾಯವಾಗಿ ಇದನ್ನು ಮಾಡುವುದನ್ನು ನಿಲ್ಲಿಸಬೇಕೆಂದು ಕಾಕ್ರೇನ್ ಸಂಸ್ಥೆಯ ಸಮೀಕ್ಷೆ ಖಚಿತವಾಗಿ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಸಂತ್ರಸ್ತರನ್ನು ಕೆದಕಿ ಕೇಳಬೇಡಿ ಎನ್ನುತ್ತದೆ. ನೀರು, ಊಟ, ಸುರಕ್ಷಿತ ಜಾಗ, ತಮ್ಮವರು ಎಲ್ಲಿದ್ದಾರೆಂಬ ಸುದ್ದಿ ಸಿಗಬೇಕು. ಅವರಾಗಿಯೇ ಮಾತಾಡಿದರೆ ಕೇಳಿಸಿಕೊಳ್ಳಬೇಕು. ಮೊದಲ ದಿನಗಳಿಗೆ ಇಷ್ಟು ಸಾಕು.

ಹಾಗಾದರೆ 'ಅದನ್ನೆಲ್ಲ ನೆನೆಸಿಕೊಳ್ಳಬೇಡ, ಮರೆತುಬಿಡು' ಎನ್ನುವ ನಮ್ಮ ಮನೆಯ ಹಿರಿಯರೇ ಸರಿ ಎಂದಾಯಿತೇ? ಇಲ್ಲ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದ ವೈದ್ಯನ ಕಥೆ ನಮಗೆಲ್ಲ ಗೊತ್ತು. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ಅಮೆರಿಕದ ವಿದ್ಯಾರ್ಥಿಗಳಿಗೆ ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಹೇಳಿ ಇದನ್ನೇ ಪ್ರಯೋಗಾಲಯದಲ್ಲಿ ತೋರಿಸಿದ. ಗಂಟೆ ಮತ್ತೆ ಮತ್ತೆ ಮೊಳಗಿತು. ಆಮೇಲೆ ಇನ್ನು ಕರಡಿಯನ್ನು ನೆನೆಯಬಹುದು ಎಂದು ಬಿಟ್ಟಾಗ, ಮೊದಲಿನಿಂದಲೂ ನೆನೆಯಲು ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಣಿಸಿಕೊಂಡಿತು.

'ಎಲ್ಲ ಹೇಳಿಕೊಂಡುಬಿಡು' ಎನ್ನುವುದೂ 'ಎಲ್ಲ ಮರೆತುಬಿಡು' ಎನ್ನುವುದೂ ಎದುರುಬದುರು ನಿಂತ ಸಲಹೆಗಳಂತೆ ಕಾಣುತ್ತವೆ. ನನಗೆ ಅವು ಒಂದೇ ತಪ್ಪಿನ ಎರಡು ರೂಪ ಅನ್ನಿಸುತ್ತದೆ. ಎರಡೂ ಆ ಕ್ಷಣದ ಹಗುರವನ್ನೇ ವಾಸಿಯಾಗುವುದರ ಗುರುತೆಂದು ನಂಬಿವೆ. ಆತಂಕದ ವಿಷಯದಲ್ಲಂತೂ ಇದು ಬಹಳ ತಪ್ಪು ಅಳತೆಗೋಲು. ಏಕೆಂದರೆ ಆತಂಕ ಬದುಕಿ ಉಳಿಯುವುದೇ ಆ ಹಗುರವನ್ನು ಉಂಡು.

ಹೇಗೆಂದು ನೋಡೋಣ. ಹೆದ್ದಾರಿಯಲ್ಲಿ ಲಾರಿ ತಾಗಿ ಬೈಕಿನಿಂದ ಬಿದ್ದ ಒಬ್ಬ ತರುಣ ಇದ್ದಾನೆ ಎಂದುಕೊಳ್ಳಿ. ಮೂಳೆ ಕೂಡಿದೆ, ಹೊಲಿಗೆ ಬಿಚ್ಚಿದ್ದಾರೆ. ಮನೆಯಲ್ಲಿ ದೃಷ್ಟಿ ತೆಗೆದು ತಾಯತ ಕಟ್ಟಿಸಿದ್ದಾರೆ, 'ಇನ್ನು ಗಾಡಿ ಮುಟ್ಟಬೇಡ' ಎಂದು ಅಮ್ಮ ಆಣೆ ಹಾಕಿಸಿದ್ದಾಳೆ. ಬೈಕ್ ಬಿಟ್ಟ, ಬಸ್ಸಿನಲ್ಲಿ ಹೋಗತೊಡಗಿದ. ಒಂದು ದಿನ ಬಸ್ಸಿನ ಪಕ್ಕದಲ್ಲೇ ಲಾರಿ ಹಾರನ್ ಹೊಡೆದಾಗ ಎದೆ ಡವಡವ ಎಂದಿತು. ಮುಂದಿನ ಸ್ಟಾಪಿನಲ್ಲೇ ಇಳಿದ. ಇಳಿದ ಕೂಡಲೇ ಜೀವ ತಣ್ಣಗಾಯಿತು. ಆ ತಣ್ಣಗಾದದ್ದೇ ಮನಸ್ಸಿಗೆ ಪಾಠ: ಇಳಿದದ್ದರಿಂದ ಬದುಕಿದೆ. ಮರುದಿನ ಬಸ್ ಹತ್ತುವುದು ಇನ್ನೂ ಕಷ್ಟ. ಕ್ರಮೇಣ ಅಣ್ಣ ಕಾರಿನಲ್ಲಿ ಬಿಟ್ಟುಬರುತ್ತಾನೆ, ಹೆದ್ದಾರಿ ತಪ್ಪಿಸಿ ಒಳರಸ್ತೆ ಹಿಡಿಯುತ್ತಾನೆ. ಟಿವಿಯಲ್ಲಿ ಅಪಘಾತದ ಸುದ್ದಿ ಬಂದರೆ ಯಾರೋ ಚಾನೆಲ್ ಬದಲಿಸುತ್ತಾರೆ. ಆರು ತಿಂಗಳಲ್ಲಿ ಅವನ ಜಗತ್ತು ಒಂದು ಕೋಣೆ, ಒಂದು ಜಗುಲಿಯಷ್ಟಾಗುತ್ತದೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ, ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದಾರೆ. ಆದರೆ 'ಲಾರಿಯ ಪಕ್ಕದಲ್ಲಿ ಇದ್ದೂ ಏನೂ ಆಗಲಿಲ್ಲ' ಎಂದು ಅವನ ಮೈ ಕಲಿಯುವ ಅವಕಾಶವನ್ನು ಒಂದೊಂದಾಗಿ ಎಲ್ಲರೂ ಸೇರಿ ಕಿತ್ತುಕೊಂಡಿದ್ದಾರೆ. ತಪ್ಪಿಸಿಕೊಂಡಾಗ ಸಿಗುವ ಹಗುರವೇ ಭಯಕ್ಕೆ ಬಹುಮಾನವಾಗುತ್ತದೆ ಎಂಬ ಈ ಯಂತ್ರವನ್ನು ಅಮೆರಿಕದ ಹೋಬಾರ್ಟ್ ಮೌರರ್ 1940ರ ದಶಕದಲ್ಲೇ ಬಿಡಿಸಿಟ್ಟಿದ್ದ.

ಕೆಲಸ ಮಾಡುವುದೆಂದು ಸಾಬೀತಾಗಿರುವ ಚಿಕಿತ್ಸೆಗಳು ಈ ಯಂತ್ರವನ್ನು ತಿರುವುಮುರುವು ಮಾಡುತ್ತವೆ. ಇದರ ಇತಿಹಾಸ ಒಂದು ಮೊಲದಿಂದ ಶುರುವಾಗುತ್ತದೆ. ಅದಕ್ಕೂ ಮುನ್ನ, 1920ರಲ್ಲಿ ಜಾನ್ ವಾಟ್ಸನ್ ಎಂಬಾತ ಹಸುಗೂಸೊಂದಕ್ಕೆ ಇಲಿ ತೋರಿಸಿ ಬೆನ್ನ ಹಿಂದೆ ಕಬ್ಬಿಣ ಬಡಿದು, ಭಯವನ್ನು ಕಲಿಸಬಹುದು ಎಂದು ಸಾಧಿಸಿದ. ಕಲಿಸಿದ ಭಯವನ್ನು ತೆಗೆಯುವ ಮೊದಲೇ ಮಗು ಅಲ್ಲಿಂದ ಹೊರಟುಹೋಗಿತ್ತು. ವಿಜ್ಞಾನದ ಹೆಸರಿನಲ್ಲಿ ನಡೆದ ನಾಚಿಕೆಗೇಡಿನ ಕೆಲಸಗಳಲ್ಲಿ ಇದೂ ಒಂದು. ಆ ಸಾಲವನ್ನು ತೀರಿಸಿದವಳು ಮೇರಿ ಕವರ್ ಜೋನ್ಸ್. 1924ರಲ್ಲಿ ಅವಳು ವರದಿ ಮಾಡಿದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಮೊಲ ಕಂಡರೆ ಆಗುತ್ತಿರಲಿಲ್ಲ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ದಿನದಿನಕ್ಕೆ ಹತ್ತಿರ ತಂದು, ಕೊನೆಗೆ ಅವನೇ ಅದನ್ನು ಮುಟ್ಟಿ ಆಡಿಸುವಂತೆ ಮಾಡಿದಳು. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ, ಯುದ್ಧದಿಂದ ಬಂದ ಸೈನಿಕರಿಗೆ ಔಷಧಿಯಿಂದ ಉಪಯೋಗವಾಗದ್ದನ್ನು ಕಂಡು, ಈ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಕ್ರಮವನ್ನು ಒಂದು ಶಾಸ್ತ್ರವಾಗಿಸಿದ. ಮೈಯನ್ನು ಸಡಿಲಗೊಳಿಸಿಕೊಂಡೇ ಭಯವನ್ನು ಎದುರಿಸಬೇಕು ಎಂದು ವೋಲ್ಪೆ ನಂಬಿದ್ದ. ನಂತರದ ಸಂಶೋಧನೆಗಳು, ಸಡಿಲವಾಗದಿದ್ದರೂ ನಡೆಯುತ್ತದೆ, ಎದುರಿಸುವುದೇ ಮುಖ್ಯ ಎಂದು ತೋರಿಸಿದವು.

ಆಘಾತದ ನೆನಪಿಗೂ ಇದನ್ನೇ ಅನ್ವಯಿಸಿದವಳು ಇಸ್ರೇಲಿನಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ನೆಲೆಸಿದ ಎಡ್ನಾ ಫೋವಾ. ಅತ್ಯಾಚಾರಕ್ಕೆ ಒಳಗಾದ ಮಹಿಳೆಯರ ಮೇಲಿನ ಅವಳ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ವಿಧಾನ ಹೇಳಲು ಸರಳ, ಮಾಡಲು ಕಷ್ಟ. ಸಾಮಾನ್ಯವಾಗಿ ಎಂಟರಿಂದ ಹದಿನೈದು ಭೇಟಿ, ಒಂದೊಂದೂ ಒಂದು-ಒಂದೂವರೆ ಗಂಟೆ. ರೋಗಿ ಕಣ್ಣು ಮುಚ್ಚಿ, ಆದದ್ದನ್ನು ಈಗ ಆಗುತ್ತಿದೆ ಎಂಬಂತೆ ವರ್ತಮಾನ ಕಾಲದಲ್ಲಿ ಹೇಳಬೇಕು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಅದನ್ನು ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ಇನ್ನೊಂದೆಡೆ, ತಪ್ಪಿಸಿಕೊಳ್ಳುತ್ತಿರುವ ಜಾಗ, ಜನ, ವಾಸನೆ, ಸದ್ದುಗಳ ಪಟ್ಟಿ ಮಾಡಿ, ಸೊನ್ನೆಯಿಂದ ನೂರರವರೆಗೆ ಅಂಕ ಹಾಕಿ, ನಡುವಿನ ಅಂಕದ್ದರಿಂದ ಶುರು ಮಾಡಿ ಹತ್ತುತ್ತಾ ಹೋಗಬೇಕು. ನಮ್ಮ ತರುಣನಾದರೆ ಮೊದಲು ನಿಂತ ಬೈಕಿನ ಮೇಲೆ ಕೂರುವುದು, ನಂತರ ಹೆದ್ದಾರಿಯ ಪಕ್ಕದ ಚಹಾದಂಗಡಿಯಲ್ಲಿ ಅರ್ಧ ಗಂಟೆ ನಿಲ್ಲುವುದು, ಆಮೇಲೆ ಬಸ್ಸಿನ ಕಿಟಕಿ ಪಕ್ಕದ ಸೀಟು.

ಇಲ್ಲಿ ಒಬ್ಬ ಸೂಕ್ಷ್ಮ ಓದುಗ ಕೇಳಬಹುದು: ಡಿಬ್ರೀಫಿಂಗ್‌ನಲ್ಲೂ ಮಾತಾಡಿಸಿದರು, ಇಲ್ಲೂ ಮಾತಾಡಿಸುತ್ತಾರೆ, ಅದು ಕೆಡುಕು, ಇದು ಮದ್ದು, ಹೇಗೆ? ವ್ಯತ್ಯಾಸ ಕಾಲದಲ್ಲಿದೆ, ಪ್ರಮಾಣದಲ್ಲಿದೆ, ಆಯ್ಕೆಯಲ್ಲಿದೆ. ಆಘಾತವಾದ ಮೊದಲ ವಾರಗಳಲ್ಲಿ ಬೆಚ್ಚಿಬೀಳುವುದು, ನಿದ್ದೆಗೆಡುವುದು ಮನಸ್ಸು ತನ್ನನ್ನು ತಾನೇ ನೇರ್ಪಡಿಸಿಕೊಳ್ಳುವ ರೀತಿ. ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಕಳೆಯದೆ ಪಿಟಿಎಸ್‌ಡಿ ಎಂದು ಹೆಸರಿಡಲು ವೈದ್ಯಶಾಸ್ತ್ರವೇ ಒಪ್ಪುವುದಿಲ್ಲ. ಡಿಬ್ರೀಫಿಂಗ್ ಎಲ್ಲರನ್ನೂ ಹಿಡಿದು, ನೆನಪು ಕೆಂಡವಾಗಿರುವಾಗಲೇ ಒಮ್ಮೆ ಕೆದರಿ, ಅದು ಆರುವ ಮೊದಲೇ ಎದ್ದುಹೋಗುತ್ತದೆ. ಚಿಕಿತ್ಸೆ ವಾಸಿಯಾಗದೆ ಉಳಿದವರನ್ನು ಮಾತ್ರ, ಅವರೊಪ್ಪಿದ ಮೇಲೆ, ಅದೇ ನೆನಪಿನ ಎದುರು ಮತ್ತೆ ಮತ್ತೆ ಕೂರಿಸುತ್ತದೆ. ಹತ್ತನೆಯ ಸಲ ಹೇಳುವಾಗ ಮೊದಲ ಸಲ ಬಿಟ್ಟುಹೋಗಿದ್ದ ವಿವರ ಬರುತ್ತದೆ: ಲಾರಿ ಬ್ರೇಕ್ ಹಾಕಿತ್ತು, ಯಾರೋ ಓಡಿಬಂದು ನೀರು ಕೊಟ್ಟರು. ನೆನಪು ಘಟನೆಯಲ್ಲ, ನೆನೆದರೆ ಸಾಯುವುದಿಲ್ಲ ಎಂಬುದು ಆಗ ಮೈಗೇ ತಿಳಿಯುತ್ತದೆ. ಬುದ್ಧಿಗೆ ಇದು ಮೊದಲೇ ಗೊತ್ತಿತ್ತು, ಆದರೆ ಬುದ್ಧಿಗೆ ಗೊತ್ತಿದ್ದು ಪ್ರಯೋಜನವಿರಲಿಲ್ಲ.

ಗಾಬರಿಯ ಕಾಯಿಲೆಯಲ್ಲಿ ಈ ತರ್ಕ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಎದೆ ಹೊಡೆದುಕೊಂಡರೆ ಹಾರ್ಟ್ ಅಟ್ಯಾಕ್ ಎಂದು ಇಸಿಜಿ ಮೇಲೆ ಇಸಿಜಿ ಮಾಡಿಸುವವರನ್ನು ಚಿಕಿತ್ಸಕ ಕುರ್ಚಿಯಲ್ಲಿ ಗಿರಗಿರ ತಿರುಗಿಸುತ್ತಾನೆ, ಸ್ಟ್ರಾ ಮೂಲಕ ಉಸಿರಾಡಿಸುತ್ತಾನೆ, ಮೆಟ್ಟಿಲು ಓಡಿ ಹತ್ತಿಸುತ್ತಾನೆ. ತಲೆಸುತ್ತು, ಏದುಸಿರು, ಎದೆಬಡಿತ ಎಲ್ಲವನ್ನೂ ಬೇಕೆಂದೇ ಬರಿಸಿಕೊಂಡು, ಅವು ತಾವಾಗಿಯೇ ಇಳಿಯುವುದನ್ನು ನೋಡುವುದು. ಕೈ ತೊಳೆಯುವ ಗೀಳಿನವರಿಗೆ 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಮಾಡಿದ್ದೂ ಇದನ್ನೇ: ಕೊಳೆ ಎಂದುಕೊಂಡದ್ದನ್ನು ಮುಟ್ಟಿಸಿ, ತೊಳೆಯಲು ಬಿಡದೆ ಜೊತೆಗೆ ಕುಳಿತಿರುವುದು. 'ಮುಟ್ಟಬೇಡ, ಮಡಿ' ಎಂಬ ಮಾತು ದಿನಕ್ಕೆ ಹತ್ತು ಸಲ ಕೇಳುವ ಮನೆಗಳಲ್ಲಿ ಈ ಗೀಳನ್ನು ಕಾಯಿಲೆ ಎಂದು ಗುರುತಿಸುವುದಕ್ಕೇ ವರ್ಷಗಳು ಹಿಡಿಯುವುದುಂಟು.

ಕಣ್ಣಾಡಿಸುವ ಚಿಕಿತ್ಸೆಯ ಬಗ್ಗೆಯೂ ಒಂದು ಮಾತು ಹೇಳಬೇಕು, ಈಗ ನಗರಗಳಲ್ಲಿ ಅದರದೇ ಹೆಸರು ಹೆಚ್ಚು. ಇಎಂಡಿಆರ್ ಎಂಬ ಇದನ್ನು ಫ್ರಾನ್ಸಿನ್ ಶಪಿರೊ 1987ರಲ್ಲಿ ಪಾರ್ಕಿನಲ್ಲಿ ನಡೆಯುತ್ತಿದ್ದಾಗ ಕಂಡುಕೊಂಡಳಂತೆ. ಬೆರಳಿನ ಜೊತೆ ಕಣ್ಣನ್ನು ಆಚೀಚೆ ಹರಿಸುತ್ತಾ ಕೆಟ್ಟ ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳುವುದು ಇದರ ಕ್ರಮ. ಪಿಟಿಎಸ್‌ಡಿಗೆ ಇದು ಫಲ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿಯೂ ಒಪ್ಪಿದೆ. ಆದರೆ ಫಲ ಕೊಡುವುದು ಕಣ್ಣಿನ ಚಲನೆಯೋ, ತಪ್ಪಿಸಿಕೊಳ್ಳದೆ ನೆನಪನ್ನು ಹಿಡಿದಿರುವುದೋ ಎಂಬ ಜಗಳ ಇನ್ನೂ ತೀರಿಲ್ಲ. ನನ್ನ ಒಲವು ಎರಡನೆಯದರ ಕಡೆಗೆ. ಹೆಸರು ಯಾವುದಿದ್ದರೂ ಒಳಗಿನ ತಿರುಳು ಒಂದೇ ಆಗಿರುವುದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ಇದೇ ಕಾರಣಕ್ಕೆ ನಮ್ಮಲ್ಲಿ ಆತಂಕಕ್ಕೆ ಮೊದಲ ಸಲಹೆಯಾಗಿ ಬರುವ ಪ್ರಾಣಾಯಾಮ, ಧ್ಯಾನಗಳನ್ನೂ ತುಸು ಅನುಮಾನದಿಂದ ನೋಡಬೇಕು. ಅವುಗಳ ಬೆಲೆ ಕಡಿಮೆಯೇನಲ್ಲ. ಆದರೆ ಭಯ ತಲೆಯೆತ್ತಿದ ಕೂಡಲೇ ಅದನ್ನು ಅದುಮಲು ಉಸಿರು ಎಣಿಸತೊಡಗಿದರೆ, ಅದು ಬಸ್ಸಿನಿಂದ ಇಳಿದುಬಿಡುವುದರ ಇನ್ನೊಂದು ರೂಪವಾಗುತ್ತದೆ. ಬಂದದ್ದನ್ನು ಬಂದ ಹಾಗೆ, ಓಡದೆ, ತಳ್ಳದೆ ನೋಡುವ ಧ್ಯಾನ ಬೇರೆ ಜಾತಿಯದು. 1979ರಲ್ಲಿ ಜಾನ್ ಕಬಟ್-ಜಿನ್ ಮ್ಯಾಸಚೂಸೆಟ್ಸ್‌ನ ಆಸ್ಪತ್ರೆಗೆ ಒಯ್ದದ್ದು ಅಂಥದ್ದನ್ನು. ಯೋಗ ಶಿಬಿರಗಳಲ್ಲಿ 'ಟೆನ್ಷನ್ ಮಾಯ' ಎಂದು ಮಾರಾಟವಾಗುತ್ತಿರುವುದು ಹೆಚ್ಚಾಗಿ ಮೊದಲನೆಯದು. ನಿದ್ದೆ ಮಾತ್ರೆಯ ಕತೆಯೂ ಅಷ್ಟೇ. ಆಘಾತದ ಮೊದಲ ತಿಂಗಳಲ್ಲಿ ಆ ಜಾತಿಯ ಮಾತ್ರೆ ಕೊಡಬೇಡಿ ಎಂದು ಅದೇ 2013ರ ಮಾರ್ಗಸೂಚಿ ಹೇಳಿದೆ.

ಇಷ್ಟು ಹೇಳಿದ ಮೇಲೆ ಈ ವಾದಕ್ಕೆ ಎಲ್ಲಿ ಬೇಲಿ ಹಾಕಬೇಕೆಂದೂ ಹೇಳಬೇಕು. ಎದುರಿಸು ಎಂಬ ಮಾತು ಕ್ರೂರಿಯ ಕೈಗೆ ಸಿಕ್ಕರೆ ಕೊರಡೆಯಾಗುತ್ತದೆ. ಈಜು ಬಾರದವನನ್ನು ಬಾವಿಗೆ ನೂಕುವುದನ್ನು ಯಾರೂ ಚಿಕಿತ್ಸೆ ಎನ್ನುವುದಿಲ್ಲ. ಸಿಟ್ಟು, ದುಃಖ, ಅವಮಾನಗಳು ಅಲೆಯಾಗಿ ಎದ್ದು ಕೈ ಕೊಯ್ದುಕೊಳ್ಳುವಷ್ಟು ದೂರ ಒಯ್ಯುವವರಿಗೆ ಮೊದಲು ಬೇಕಾದದ್ದು ಆ ಗಳಿಗೆಯನ್ನು ದಾಟುವ ಕೌಶಲ. ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ ಚಿಕಿತ್ಸೆಯಲ್ಲಿ ಮೊದಲ ಹಂತ ಜೀವ ಉಳಿಸಿಕೊಳ್ಳುವುದೇ. ಐಸ್ ನೀರಿನಲ್ಲಿ ಮುಖ ಅದ್ದುವುದರಂಥ ತೀರಾ ಸಾದಾ ಉಪಾಯಗಳನ್ನೂ ಅಲ್ಲಿ ಕಲಿಸುತ್ತಾರೆ. ಹಳೆಯ ಆಘಾತದ ಸರದಿ ಆಮೇಲೆ. ತಾನೂ ಹರೆಯದಲ್ಲಿ ಹೀಗೆಯೇ ಆಸ್ಪತ್ರೆಯಲ್ಲಿ ಬಂದಿಯಾಗಿದ್ದೆ ಎಂದು ಲಿನೆಹನ್ 2011ರಲ್ಲಿ ಬಹಿರಂಗವಾಗಿ ಹೇಳಿದಳು. ಅವಳ ಚಿಕಿತ್ಸೆಯಲ್ಲಿ ಒಪ್ಪಿಕೊಳ್ಳುವುದಕ್ಕೂ ಬದಲಾಗುವುದಕ್ಕೂ ಸಮಾನ ತೂಕ ಏಕಿದೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಎರಡನೆಯ ಬೇಲಿ ಇನ್ನೂ ಗಟ್ಟಿಯಾದದ್ದು. ಈ ಚಿಕಿತ್ಸೆಗಳೆಲ್ಲ ಅಪಾಯ ಮುಗಿದಿದೆ, ಭಯ ಮಾತ್ರ ಉಳಿದಿದೆ ಎಂಬ ಊಹೆಯ ಮೇಲೆ ನಿಂತಿವೆ. ಹೊಡೆಯುವ ಗಂಡನ ಜೊತೆ ಒಂದೇ ಸೂರಿನಡಿ ಇರುವ ಹೆಂಗಸಿಗೆ ಬಾಗಿಲು ಸದ್ದಾದಾಗ ಎದೆ ಝಲ್ಲೆಂದರೆ ಅದು ಕಾಯಿಲೆಯಲ್ಲ, ಸರಿಯಾದ ಸುದ್ದಿ. ಕೆರೆಯ ನೀರು ಮುಟ್ಟಿದ್ದಕ್ಕೆ ಹೊಡೆತ ತಿಂದು, ಹೊಡೆದವರ ಬೀದಿಯಲ್ಲೇ ದಿನಾ ನಡೆಯಬೇಕಾದ ದಲಿತ ಹುಡುಗನಿಗೆ ಅಂಕಪಟ್ಟಿ ಕೊಟ್ಟು ಭಯದ ಮೆಟ್ಟಿಲು ಹತ್ತು ಎನ್ನುವುದು ಅನ್ಯಾಯಕ್ಕೆ ಒಗ್ಗಿಕೋ ಎಂದ ಹಾಗೆ. ಸಾಲ ವಸೂಲಿಯವರು ಮನೆಬಾಗಿಲಲ್ಲಿ ಕೂರುವ ಭಯಕ್ಕೆ ಯಾವ ಥೆರಪಿಗಿಂತಲೂ ಹೆಚ್ಚು ಮದ್ದಾಗಬಲ್ಲದ್ದು, 2025ರಲ್ಲಿ ಕರ್ನಾಟಕ ಸರ್ಕಾರ ಮೈಕ್ರೊ ಫೈನಾನ್ಸ್ ಕಿರುಕುಳದ ವಿರುದ್ಧ ತಂದ ಕಾನೂನಿನಂಥದ್ದು. ಅದೂ ಪೊಲೀಸ್ ಠಾಣೆಯಲ್ಲಿ ಜೀವಂತವಿದ್ದರೆ. ಅಪರಾಧಿ ಭಾವದ ವಿಷಯವೂ ಇಲ್ಲಿಗೇ ಸೇರುತ್ತದೆ. ಪೆಟ್ರೀಶಿಯಾ ರೆಸಿಕ್ ರೂಪಿಸಿದ ಚಿಕಿತ್ಸೆಯಲ್ಲಿ 'ಆ ಹೊತ್ತಿನಲ್ಲಿ ನಾನು ಅಲ್ಲಿಗೆ ಹೋಗಬಾರದಿತ್ತು' ಎಂಬಂಥ ಯೋಚನೆಗಳನ್ನು ಬರೆಸಿ, ಸಾಕ್ಷ್ಯ ಕೇಳಿ, ಸಡಿಲಿಸುತ್ತಾರೆ. ನಮ್ಮಲ್ಲಿ ಆ ಯೋಚನೆ ಸಂತ್ರಸ್ತೆಯ ತಲೆಯೊಳಗೆ ಮಾತ್ರ ಇರುವುದಿಲ್ಲ. ಅತ್ತೆಯ ಬಾಯಲ್ಲಿ, ಠಾಣೆಯ ಮೇಜಿನ ಆಚೆ, ಕೆಲವೊಮ್ಮೆ ನ್ಯಾಯಾಲಯದ ಪಾಟೀಸವಾಲಿನಲ್ಲೂ ಇರುತ್ತದೆ. ಚಿಕಿತ್ಸಕಿ ಒಂದು ಗಂಟೆ ಕಳಚಿದ್ದನ್ನು ಊರು ಒಂದು ವಾರ ಕಟ್ಟುತ್ತದೆ.

ಇದೆಲ್ಲ ಪಶ್ಚಿಮದ ಸರಕು, ನಮ್ಮ ಕೂಡುಬಾಳಿನ ಜನಕ್ಕೆ ಹೊಂದುವುದಿಲ್ಲ ಎನ್ನುವವರಿದ್ದಾರೆ. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ಬರೆದ 'ಮನಮಂಥನ'ಕ್ಕಾಗಿ ಡಾ. ಎಂ. ಶಿವರಾಂ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. 'ಕೊರವಂಜಿ' ಪತ್ರಿಕೆಯಲ್ಲಿ ನಗಿಸಿದ 'ರಾಶಿ'ಯವರೇ ಅವರು. ಅಂದರೆ ಈ ಮಾತು ಈ ಭಾಷೆಗೆ ಹೊಸತಲ್ಲ. ಕೂಡುಬಾಳು ಅಡ್ಡಿ ಎಂಬುದನ್ನೂ ನಾನು ಒಪ್ಪುವುದಿಲ್ಲ. 1950ರ ದಶಕದಲ್ಲಿ ಅಮೃತಸರದ ವಿದ್ಯಾಸಾಗರ್ ಮಾನಸಿಕ ಆಸ್ಪತ್ರೆಯ ಬಯಲಲ್ಲಿ ಗುಡಾರ ಹಾಕಿಸಿ ರೋಗಿಯ ಮನೆಯವರನ್ನೂ ಉಳಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬದವರ ಜೊತೆಗಿರುವ ವಾರ್ಡ್ ಬಹಳ ಹಿಂದಿನಿಂದಲೂ ಇದೆ. ಮೇಲಿನ ತರುಣನನ್ನು ಕಾರಿನಲ್ಲಿ ಬಿಟ್ಟುಬರುತ್ತಿದ್ದ ಅಣ್ಣನೇ ನಾಳೆ ಅವನ ಜೊತೆ ಬಸ್ ಹತ್ತಬಹುದು, ಮೂರನೆಯ ದಿನ ಎರಡು ಸೀಟು ಹಿಂದೆ ಕೂರಬಹುದು, ವಾರ ಬಿಟ್ಟು ಸ್ಟಾಪಿನಲ್ಲೇ ನಿಂತುಬಿಡಬಹುದು. ಅಮೆರಿಕದ ಒಂಟಿ ರೋಗಿಗೆ ಈ ಅಣ್ಣನಿಲ್ಲ. ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ, ಅದು ಭಯದ ಪರವಾಗಿ ದುಡಿಯುತ್ತಿದೆ ಅಷ್ಟೇ. ಅದನ್ನು ಈ ಕಡೆಗೆ ತಿರುಗಿಸಿಕೊಳ್ಳಲು ಒಬ್ಬ ತರಬೇತಾದ ಮನುಷ್ಯ ನಾಲ್ಕಾರು ಸಲ ಮನೆಯವರ ಜೊತೆ ಕೂತರೆ ಸಾಕಾಗಬಹುದು.

ಆ ಮನುಷ್ಯ ಎಲ್ಲಿ ಸಿಗುತ್ತಾನೆ ಎಂಬುದೇ ಕಷ್ಟದ ಪ್ರಶ್ನೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಮನೋವ್ಯಾಧಿಗಳಿದ್ದವರಲ್ಲಿ ಶೇ. 85ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ; 2022ರಿಂದ ನಡೆಯುತ್ತಿರುವ ಒಳ್ಳೆಯ ವ್ಯವಸ್ಥೆ. ಆದರೆ ಫೋನಿನಲ್ಲಿ ಧೈರ್ಯ ಹೇಳಬಹುದು, ಜೊತೆಗೆ ಹೆದ್ದಾರಿಗೆ ಹೋಗಲಾಗದು. ಖಾಸಗಿಯಾಗಿ ನೋಡಿದರೆ, ವಾರಾಂತ್ಯದ ಕೋರ್ಸ್ ಮುಗಿಸಿ ಕೌನ್ಸೆಲರ್ ಎಂದು ಬೋರ್ಡ್ ಹಾಕುವವರೂ ಇದ್ದಾರೆ. ಅಂಥಲ್ಲಿ ಹೋದವರು ವರ್ಷಗಟ್ಟಲೆ ವಾರಕ್ಕೊಮ್ಮೆ ಅತ್ತು ಹಗುರಾಗಿ ಬರುತ್ತಾರೆ, ಬಸ್ ಮಾತ್ರ ಹತ್ತುವುದಿಲ್ಲ. ದುಡ್ಡು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಮುಂದಿನ ಎರಡು ತಿಂಗಳಲ್ಲಿ, ನಾನೀಗ ಮಾಡಲಾರದ ಯಾವ ಕೆಲಸವನ್ನು ಮಾಡುವಂತಾಗಲು ನಾವು ಕೂರುತ್ತಿದ್ದೇವೆ, ಹೇಗೆ? ಉತ್ತರದಲ್ಲಿ ಮನೆಗೆಲಸವೇ ಇಲ್ಲದಿದ್ದರೆ, ಭಯಪಡುವ ವಿಷಯದ ಹತ್ತಿರ ಹೋಗುವ ಯೋಜನೆಯೇ ಇಲ್ಲದಿದ್ದರೆ, ಬೇರೆಯವರನ್ನು ನೋಡುವುದು ಒಳ್ಳೆಯದು.

ತಜ್ಞರೇ ಇದನ್ನೆಲ್ಲ ಮಾಡಬೇಕೆಂದೂ ಇಲ್ಲ. ಉಗಾಂಡದ ನಿರಾಶ್ರಿತರ ಶಿಬಿರದಲ್ಲಿ ನಿರಾಶ್ರಿತರಿಗೇ ಕೆಲವು ವಾರ ತರಬೇತಿ ಕೊಟ್ಟು ಆಘಾತದ ಚಿಕಿತ್ಸೆ ಮಾಡಿಸಿದ ಪ್ರಯೋಗ 2008ರಲ್ಲಿ ಪ್ರಕಟವಾಗಿ, ಫಲ ಸಿಕ್ಕಿದ್ದನ್ನು ತೋರಿಸಿತು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮನೋವಿಜ್ಞಾನದ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಂದ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಗೆ ಆರೆಂಟು ಭೇಟಿಗಳ ಚಿಕಿತ್ಸೆ ಕೊಡಿಸಿ 2017ರಲ್ಲಿ ಲಾಭವನ್ನು ಸಾಬೀತುಪಡಿಸಿದರು. ಅಲ್ಲೂ ತಿರುಳು ಬಿಟ್ಟ ಕೆಲಸಗಳತ್ತ, ತಪ್ಪಿಸಿಕೊಂಡ ಜನರತ್ತ ಮರಳಿ ಹೆಜ್ಜೆ ಇಡಿಸುವುದೇ. ಕರ್ನಾಟಕಕ್ಕೆ ಇದು ಅಪರಿಚಿತ ದಾರಿಯಲ್ಲ: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋವ್ಯಾಧಿಯನ್ನು ಗುರುತಿಸಲು, ಮಾತ್ರೆ ಕೊಡಲು ಕಲಿಸಿತು, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅದೇ ಕೇಂದ್ರಗಳಲ್ಲಿ ಈಗ ತಾಲ್ಲೂಕಿಗೆ ಇಬ್ಬರಿಗಾದರೂ, ಮೇಲಿನವರ ಉಸ್ತುವಾರಿಯಲ್ಲಿ, ಹೆದರಿದವರಿಂದ ಭಯದ ಪಟ್ಟಿ ಬರೆಸಿ ಅವರ ಜೊತೆ ಹೆದ್ದಾರಿಯವರೆಗೆ ನಡೆಯುವುದನ್ನು ಕಲಿಸಲು ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ. ಆ ಇಬ್ಬರ ಸಂಬಳ ಮತ್ತು ಬಸ್ ಚಾರ್ಜನ್ನು ಬಜೆಟ್ಟಿನಲ್ಲಿ ಯಾರು ಬರೆಯುತ್ತಾರೆ ಎಂಬುದಷ್ಟೇ ಬಾಕಿ.